ತೊಳೆದರೂ ಸೂಜಿ ಶುದ್ಧವಾಗುವುದಿಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮ ಇಬ್ಬರು ಗೆಳೆಯರ ಜೊತೆ ಸೇರಿ ನಶೆಯ ಇಂಜೆಕ್ಷನ್ ತಗೊಳ್ತಾನೆ. ಮೂವರಿಗೂ ಒಂದೇ ಸಿರಿಂಜು. ಪ್ರತಿ ಸಲ ಬಿಸಿನೀರಲ್ಲಿ ತೊಳೀತಾರಂತೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಆದರೂ ಎಚ್‌ಐವಿ ಬರುತ್ತದಾ? (ಹುಮನಾಬಾದ್)

ಉತ್ತರ: ಬರಬಹುದು. ‘ತೊಳೀತಾರೆ’ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸೂಜಿಯ ಬುಡದಲ್ಲಿ ಉಳಿದ ರಕ್ತ ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ವೈರಸ್ ದಿನಗಟ್ಟಲೆ ಬದುಕಿರುತ್ತದೆ. ಮದ್ದು ಕಲಸುವ ನೀರು, ಚಮಚ, ಹತ್ತಿ ಹಂಚಿಕೊಂಡರೂ ಅಪಾಯವೇ. ಇನ್ನು ಗಟ್ಟಿಮುಟ್ಟಿನ ಮಾತು. ಎಚ್‌ಐವಿ ಇದ್ದವರು ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತಾರೆ.

ದೇಶದ ವಯಸ್ಕರಲ್ಲಿ ಸುಮಾರು ಶೇ 0.2ರಷ್ಟು ಜನರಿಗೆ ಎಚ್‌ಐವಿ ಇದೆ. ನಶೆ ಚುಚ್ಚಿಕೊಳ್ಳುವವರಲ್ಲಿ 2021ರ ರಾಷ್ಟ್ರೀಯ ಸಮೀಕ್ಷೆ ಕಂಡದ್ದು ಸುಮಾರು ಶೇ 9. ಅದೆಲ್ಲ ಮಣಿಪುರ, ಮಿಜೋರಾಂ ಕಡೆಯದು ಅಂತ ಸುಮ್ನೆ ಕೂರಬೇಡಿ. ಆ ಮೂವರಲ್ಲಿ ಒಬ್ಬನಿಗೆ ಇದ್ದರೂ ಸಾಕು.

ತಮ್ಮನನ್ನು ಹೊಡೆದು ಎಳೆದುಕೊಂಡು ಬರಬೇಡಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವೂ ಗುಟ್ಟಾಗಿಯೇ ಇರುತ್ತದೆ. ಇದನ್ನು ಅವನಿಗೆ ಹೇಳಿ, ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ, ಎಲ್ಲಿ ಅಂತ ಕೇಳಿ, ಪರೀಕ್ಷೆ ಉಚಿತ. ಈಗ ನೆಗೆಟಿವ್ ಬಂದರೂ ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು. ಯಕೃತ್ತಿಗೆ ಬರುವ ಹೆಪಟೈಟಿಸ್ ಸಿ ಸೋಂಕಿನ ಪರೀಕ್ಷೆಯನ್ನು ನೀವೇ ಬಾಯಿಬಿಟ್ಟು ಕೇಳಿ. ಅದು ಸೂಜಿಯಿಂದ ಇನ್ನೂ ಬೇಗ ಹರಡುತ್ತದೆ, ಆದರೆ ಮಾತ್ರೆಯಿಂದ ವಾಸಿಯಾಗುತ್ತದೆ. ಸೂಜಿ ಹಂಚಿಕೊಂಡು 72 ಗಂಟೆ ದಾಟಿಲ್ಲವಾದರೆ ಈಗಲೇ ಹೊರಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 28 ದಿನ ನುಂಗಬೇಕು. 72 ಗಂಟೆ ಮೀರಿದ ಮೇಲೆ ಶುರು ಮಾಡಿದರೆ ಅದರಿಂದ ಪ್ರಯೋಜನವಿಲ್ಲ.

ಅವನು ಚುಚ್ಚಿಕೊಳ್ಳುವುದು ಹೆರಾಯಿನ್ ಜಾತಿಯದಾದರೆ, ಚುಚ್ಚುವುದರ ಬದಲಿಗೆ ವೈದ್ಯರ ಎದುರು ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಇದೆ. ಚಟ ಬಿಡುವವರೆಗೆ ಪ್ರತಿ ಸಲ ಹೊಸ ಸೂಜಿ, ಅವನೊಬ್ಬನಿಗೇ. ಹೀಗೆ ಹೇಳಿದರೆ ಚಟಕ್ಕೆ ಕುಮ್ಮಕ್ಕು ಅಂತ ಬೈಯುವವರಿದ್ದಾರೆ. ಬೈಯಲಿ. ಹುಡುಗ ಬದುಕಿದ್ದರೆ ತಾನೇ ಚಟ ಬಿಡಿಸೋದು?

ಪ್ರಶ್ನೆ: ಗಾಂಜಾ ಸೇದಿದರೆ ಎಚ್‌ಐವಿ ಬರುತ್ತದಾ? (ಶಹಾಪುರ)

ಉತ್ತರ: ಹೊಗೆಯಿಂದ ಬರುವುದಿಲ್ಲ. ನಶೆಯಲ್ಲಿ ಕಾಂಡೋಮ್ ಮರೆತರೆ ಬರಬಹುದು.

ಪ್ರಶ್ನೆ: ನಮ್ಮೂರ ಹತ್ತಿರ ಒಬ್ಬರು ಬೇರಿನ ಪುಡಿ ಕೊಟ್ಟು ಎಚ್‌ಐವಿ ಪೂರ್ತಿ ತೆಗೀತಾರಂತೆ. ಮಾತ್ರೆ ಬಿಡಲಾ? (ಕಲಬುರಗಿ)

ಉತ್ತರ: ಬಿಡಬೇಡಿ. ಅವರು ಹೇಳುವುದು ಹಸಿ ಸುಳ್ಳು. ಪುಡಿ ನಂಬಿ ಮಾತ್ರೆ ಬಿಟ್ಟವರು ಟಿಬಿ ಹತ್ತಿಸಿಕೊಂಡು ನಮ್ಮ ಹತ್ತಿರ ಬರುತ್ತಾರೆ. ಎಚ್‌ಐವಿಯನ್ನು ಹತ್ತಿಕ್ಕುವ ಈ ಎಆರ್‌ಟಿ ಮಾತ್ರೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಒಂದು ಹೊತ್ತು ತಪ್ಪಿದ್ದರೂ ನಾಳೆ ಬೆಳಗ್ಗೆಯೇ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಎಆರ್‌ಟಿ ಕೇಂದ್ರಕ್ಕೆ ಹೋಗಿ ಹೇಳಿ. ಅಲ್ಲಿಯವರೆಗೆ ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.