ಸಂಪಾದಕರ ಉತ್ತರ: ಒಂದೇ ಹಾಡಿನಲ್ಲಿ ವಾಸಿಯಾಗುವ ರೋಗ

ಬೆಟಗೇರಿಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಈಚಿನ ಸಿನಿಮಾಗಳಲ್ಲಿ ಗಾಂಜಾ ಸೇದುವವನೇ ನಾಯಕ. ಕೆಟ್ಟ ಹುಡುಗರನ್ನು ತೋರಿಸಿ ಒಳ್ಳೆಯ ಹುಡುಗರನ್ನು ಕೆಡಿಸುತ್ತಿದ್ದಾರೆ. ಸೆನ್ಸಾರ್ ಮಂಡಳಿ ಇಂಥ ದೃಶ್ಯಗಳನ್ನು ಪೂರ್ತಿ ಕತ್ತರಿಸಬಾರದೇಕೆ? ತಾವೂ ಸುಮ್ಮನಿದ್ದೀರಿ.’

ಸುಮ್ಮನಿದ್ದದ್ದು ನಿಜ, ಮಾಸ್ತರರೇ. ಹೊಗೆಯ ಸುರುಳಿಯೊಳಗಿಂದ ನಡೆದುಬರುವ ನಾಯಕನಿಗೆ ಹದಿನಾರರ ಹುಡುಗ ಮರುಳಾಗುತ್ತಾನೆಂಬುದನ್ನೂ ಒಪ್ಪುತ್ತೇನೆ. ಆದರೆ ಕತ್ತರಿ ಎಂದೊಡನೆ ನನಗೆ 2016ರ ‘ಉಡ್ತಾ ಪಂಜಾಬ್’ ನೆನಪಾಗುತ್ತದೆ. ವ್ಯಸನದ ಹೇಸಿಗೆಯನ್ನು ಮುಚ್ಚಿಡದ ಆ ಚಿತ್ರದ ಮೇಲೆಯೇ ಮಂಡಳಿಯ ಕತ್ತರಿ ಬಿದ್ದಿತ್ತು. ಕೊನೆಗೆ ಬಾಂಬೆ ಹೈಕೋರ್ಟ್ ಒಂದೇ ಕಡೆ ಕತ್ತರಿಸಿ ಬಿಡುಗಡೆ ಮಾಡಲು ಹೇಳಬೇಕಾಯಿತು.

ನನ್ನ ತಕರಾರು ಬೇರೆಯೇ ಇದೆ. ನಮ್ಮ ಸಿನಿಮಾದ ವ್ಯಸನಿ ಇಂಟರ್ವಲ್ಲಿನ ಹೊತ್ತಿಗೆ ಬಾಯಲ್ಲಿ ನೊರೆ ಕಾರಿ ಸಾಯುತ್ತಾನೆ, ಇಲ್ಲವೇ ತಾಯಿಯ ಕಣ್ಣೀರು ಕಂಡು ಒಂದೇ ಹಾಡಿನಲ್ಲಿ ವಾಸಿಯಾಗುತ್ತಾನೆ. ಹಲವು ವರ್ಷಗಳ ಹಿಂದೆ, ಧಾರವಾಡದ ನಮ್ಮ ಓಣಿಯಲ್ಲಿ, ಮೇ ತಿಂಗಳ ಸುಡು ಮಧ್ಯಾಹ್ನ ಹುಡುಗನೊಬ್ಬ ಕೌದಿ ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದ. ಮೂಗು ಸೋರುತ್ತಿತ್ತು, ಒಂದರ ಹಿಂದೊಂದು ಆಕಳಿಕೆ ಬರುತ್ತಿದ್ದವು, ತೋಳಿನ ರೋಮವೆಲ್ಲ ನಿಮಿರಿತ್ತು. ‘ನೆಗಡಿ ಆಗೇದ್ರಿ’ ಎಂದರು ಅವನ ತಾಯಿ, ಹಾಗೆಂದೇ ನಂಬಿ. ಅಫೀಮಿನ ಜಾತಿಯ ನೋವಿನ ಗುಳಿಗೆಗಳನ್ನು ಬಿಟ್ಟ ಎರಡನೆಯ ದಿನ ಅದೆಂದು ನಮಗೆ ತಿಳಿದದ್ದು ಆಮೇಲೆ. ಸಿನಿಮಾ ಆ ತಾಯಿಗೂ ನನಗೂ ತೋರಿಸಿದ್ದು ನೊರೆಯನ್ನು, ಆಕಳಿಕೆಯನ್ನಲ್ಲ. ಅವನು ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಮತ್ತೆ ಹಿಡಿದದ್ದನ್ನು ವೈದ್ಯರು ರೋಗದ ಮರುಕಳಿಕೆ ಎಂದರು, ಮನೆಯವರು ಮಾತ್ರ ದ್ರೋಹವೆಂದರು.

1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರೈಸಿದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಪರದೆಯ ಮೇಲೆ ಯಾವಾಗಲೂ ಪೊಲೀಸ್ ಜೀಪೇ ಬರುವುದರಿಂದ ಈ ಬಾಗಿಲಿರುವುದು ಎಷ್ಟು ಮನೆಗಳಿಗೆ ಗೊತ್ತು? ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ನಮ್ಮ ಡಿಮ್ಹಾನ್ಸ್‌ನ ಹೊರರೋಗಿಗಳ ಸಾಲಿನಲ್ಲಿ ಬುತ್ತಿಗಂಟು ಹಿಡಿದು ಕುಳಿತ ಅಪ್ಪ-ಮಗನನ್ನು ನಾನಂತೂ ಯಾವ ಚಿತ್ರದಲ್ಲೂ ಕಂಡಿಲ್ಲ.

ಇನ್ನು ತಾವು ಕೇಳದ ಮಾತೊಂದಿದೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಭಂಗಿ-ಗಾಂಜಾದವರು ಸುಮಾರು 3 ಕೋಟಿ. ಆದರೂ ಸಿನಿಮಾದಲ್ಲಿ ಕುಡುಕ ನಗೆಗಾರ, ಗಾಂಜಾದವನು ಖಳ ಇಲ್ಲವೇ ಶೋಕಿಲಾಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಚಟ ಬೇಡಿದ ಆ ಜೋಳಿಗೆ ಚಟ ಹಿಡಿದವನನ್ನು ಕೆಟ್ಟವನೆನ್ನಲಿಲ್ಲ.

‘ಕೆಟ್ಟ ಹುಡುಗರು’ ಎಂಬ ತಮ್ಮ ಮಾತನ್ನು ಮೇಲೆ ಹಾಗೆಯೇ ಅಚ್ಚು ಮಾಡಿದ್ದೇನೆ, ಮಾಸ್ತರರೇ. ಕತ್ತರಿ ನನ್ನ ಮೇಜಿನ ಮೇಲೂ ಇತ್ತು.