ಮಗನಿಗೆ ಹೀಗಾಗಿದ್ದು ನನ್ನಿಂದ್ಲಾ, ಡಾಕ್ಟ್ರೇ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ರ ಹಳ್ಳಿ. ಮಗನಿಗೆ ಈಗ 14 ತಿಂಗಳು. 30 ವಾರಕ್ಕೇ ಹುಟ್ಟಿದ, 1.3 ಕೆಜಿ ಇದ್ದ. ಡೈಪರ್ ಹಾಕೋಕೆ ಹೋದ್ರೆ ಕಾಲೆರಡೂ ಕತ್ತರಿ ಥರ ಬಿಗಿಯಾಗ್ತವೆ. ಸೆರೆಬ್ರಲ್ ಪಾಲ್ಸಿ (ಸಿಪಿ) ಅಂದ್ರು, ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪೋದಂತೆ. ಗ್ರಹಣದ ದಿನ ಹೊರಗೆ ಬಂದೆಯಲ್ಲ ಅಂತ ಅತ್ತೆ ಈಗ್ಲೂ ಅಂತಾರೆ. ಐದು ತಿಂಗಳ ತನಕ ಸ್ಕೂಟಿನೂ ಓಡಿಸ್ತಿದ್ದೆ. ನನ್ನಿಂದ್ಲೇ ಆಯ್ತಾ? ಇನ್ನೊಂದು ಮಗು ಅಂದ್ರೆ ಭಯ.

ಉತ್ತರ: ಇಲ್ಲಮ್ಮ, ನಿಮ್ಮಿಂದಲ್ಲ. ಗ್ರಹಣದಿಂದ್ಲೂ ಅಲ್ಲ, ಸ್ಕೂಟಿಯಿಂದ್ಲೂ ಅಲ್ಲ, ಇದನ್ನ ಅತ್ತೆಯವರಿಗೂ ಓದಿ ಹೇಳಿ.

32 ವಾರಕ್ಕೂ ಮುಂಚೆ ಹುಟ್ಟೋ ಕೂಸುಗಳ ಮೆದುಳಿನ ರಕ್ತನಾಳ ತುಂಬಾ ನಾಜೂಕು, ಬಿಪಿ ಒಂಚೂರು ಏರುಪೇರಾದ್ರೂ ಒಳಗೆ ರಕ್ತ ಒಸರಬಹುದು ಇಲ್ಲಾ ರಕ್ತ ಸಾಲದೆ ಹೋಗಬಹುದು, ಕಾಲಿಗೆ ಹೋಗೋ ನರದ ಎಳೆಗಳು ಅದೇ ಜಾಗದ ಪಕ್ಕದಲ್ಲೇ ಹಾದುಹೋಗ್ತವೆ, ಅದಕ್ಕೇ ಇಂಥ ಮಕ್ಕಳಲ್ಲಿ ಕೈಗಿಂತ ಕಾಲು ಹೆಚ್ಚು ಬಿಗಿ. ಹಾಗಂತ ಬೇಗ ಹುಟ್ಟಿದವರಿಗೆಲ್ಲಾ ಆಗಲ್ಲ, ಎಷ್ಟೋ ಮಕ್ಕಳು ಚೆನ್ನಾಗೇ ಓಡಾಡ್ತಾರೆ.

ಹುಟ್ಟುವಾಗ ಅಳಲಿಲ್ಲ, ಉಸಿರುಗಟ್ಟಿತು ಅನ್ನೋದೇ ಕಾರಣ ಅಂತ ಜನ ಅಂದ್ಕೋತಾರೆ, ಅದು ಕೆಲವರಲ್ಲಿ ಮಾತ್ರ. ಅವಳಿ ಮಕ್ಕಳು, ಬಸುರಲ್ಲಿ ರುಬೆಲ್ಲಾ ಥರದ ಸೋಂಕು, ಗರ್ಭಕೋಶದೊಳಗಿನ ಇನ್ಫೆಕ್ಷನ್, ಇವೂ ಇವೆ. ನನಗೆ ಹೊಟ್ಟೆ ಉರಿಯೋದು ಕಾಮಾಲೆ ವಿಷಯಕ್ಕೆ. ಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂತ ಕೂತ್ಕೋತಾರೆ, ಕೂಸಿನ ಅಂಗೈ ಅಂಗಾಲು ಹಳದಿಯಾದ್ರೆ ಅದೇ ದಿನ ಆಸ್ಪತ್ರೆಗೆ ಓಡ್ಬೇಕು, ಮೆದುಳಿಗೆ ಏರಿದ್ರೆ ಸಿಪಿ ಆಗಬಹುದು. ತಾಯಿಯ ರಕ್ತದ ಗುಂಪು ನೆಗೆಟಿವ್ ಆದ್ರೆ ಇನ್ನೂ ಹುಷಾರು.

ಎರಡನೇ ಮಗುಗೂ ಸಿಪಿನೇ ಬರುತ್ತೆ ಅಂತೇನಿಲ್ಲ. ಆದ್ರೆ ಒಮ್ಮೆ ಬೇಗ ಹೆರಿಗೆ ಆದವರಿಗೆ ಮತ್ತೆ ಹಾಗಾಗೋ ಸಾಧ್ಯತೆ ಜಾಸ್ತಿ, ಅದಕ್ಕೆ ಬಸಿರು ನಿಂತ ತಕ್ಷಣ ಡಾಕ್ಟ್ರಿಗೆ ತೋರಿಸಿ ಹಳೇ ಚೀಟಿ ಎಲ್ಲಾ ಕೊಡಿ, ಗರ್ಭಕೋಶದ ಕಂಠದ ಉದ್ದ ಸ್ಕ್ಯಾನಲ್ಲಿ ನೋಡಿಸಿ. ಬೇಗ ನೋವು ಬಂದ್ರೆ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಇರೋ ಹಾಸನದ ಆಸ್ಪತ್ರೆಗೇ ಬನ್ನಿ, ಹೆರಿಗೆಗೆ ಮುಂಚೆ ಕೊಡೋ ಸ್ಟೀರಾಯ್ಡ್ ಶ್ವಾಸಕೋಶಕ್ಕೆ, ಮೆಗ್ನೀಸಿಯಂ ಸಲ್ಫೇಟ್ ಮೆದುಳಿಗೆ ರಕ್ಷಣೆ.

ಮಗನಿಗೆ ಫಿಸಿಯೋಥೆರಪಿ ಇವತ್ತೇ ಶುರು ಮಾಡಿ. ಡೈಪರ್ ಹಾಕೋವಾಗ ಕಾಲನ್ನ ನೇರ ಎಳೀಬೇಡಿ, ಮೊದಲು ಮಂಡಿ ಮಡಚಿ ಹೊಟ್ಟೆ ಕಡೆ ತನ್ನಿ, ಒಂದು ಕ್ಷಣ ಹಾಗೇ ಹಿಡ್ಕೊಳ್ಳಿ, ಬಿಗಿ ಸಡಿಲಾದ ಮೇಲೆ ಮೆಲ್ಲಗೆ ಅಗಲಿಸಿ.