ಕಾಸರಗೋಡಿನಲ್ಲಿ ಡಿಗ್ರಿ ಮಾಡಿದರೆ ಎಂತ ಸಿಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟೇ: ಅಕ್ಕನ ಮಗ ಕುಂಬಳೆ ಕಡೆ ಪ್ಲಸ್ ಟು, ಅಂದರೆ ಕರ್ನಾಟಕದ ಪಿಯುಸಿಯಂಥದ್ದು, ಮುಗಿಸಿದ್ದಾನೆ, ಕಾಲೇಜಿಗೆ ಸೇರಿಸುವುದರಿಂದ ಪ್ರಯೋಜನ ಉಂಟೋ, ಅಲ್ಲ ಏನಾದರೂ ಕೆಲಸ ಕಲಿಯಲಿ ಎಂದು ಬಿಡುವುದೋ. ಬೆಂಗಳೂರಿನಲ್ಲಿ ಕೂತವರಿಗೆ ಇದು ಹೌದು-ಅಲ್ಲ ಎಂದು ಮುಗಿಯುವ ಮಾತು. ನಮ್ಮಲ್ಲಿ ಮುಗಿಯುವುದಿಲ್ಲ ಮಾರಾಯ್ರೆ. ಇಲ್ಲಿ ಮೊದಲು ಕೇಳಬೇಕಾದ್ದು, ಹುಡುಗ ನಾಳೆ ತಲಪಾಡಿಯ ಗಡಿ ದಾಟಿ ಕರ್ನಾಟಕದ ಮಂಗಳೂರಿಗೆ ಹೋಗುವವನೋ, ಈಚೆ ಕೇರಳದಲ್ಲೇ ಉಳಿಯುವವನೋ ಎಂದು. ಅದು ಇತ್ಯರ್ಥವಾಗದೆ ತೆಗೆದ ಡಿಗ್ರಿ ಎರಡೂ ಕಡೆ ಅರ್ಧಂಬರ್ಧ ಆಗುತ್ತದೆ.

ಹಿನ್ನೆಲೆ ನಿಮಗೆ ಗೊತ್ತಿರಬಹುದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಸೇರಲಿ ಎಂದು 1967ರಲ್ಲಿ ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ ಹೇಳಿತು, ಅದು ಹೇಳಿದಲ್ಲಿಗೇ ನಿಂತಿತು. 1984ರಲ್ಲಿ ನಾವು ಬೇರೆ ಜಿಲ್ಲೆಯಾದೆವು. ಆ ಕತೆಯನ್ನು ಇನ್ನೂ ಬೆಳೆಸಿದರೆ ನಿಮ್ಮ ಹುಡುಗನ ಅಡ್ಮಿಷನ್ ತಾರೀಕು ದಾಟೀತು.

ಅವನು ಕಲಿತದ್ದು ಹೇಗೆ ನೋಡಿ. ಮನೆಯಲ್ಲಿ ತುಳು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ಪುಸ್ತಕ ಕೇರಳ ಸರಕಾರದ್ದೇ, ಕನ್ನಡದಲ್ಲಿ. ಪ್ಲಸ್ ಟುಗೆ ಬಂದಾಗ ಪುಸ್ತಕ ಇಂಗ್ಲಿಷು, ಮೇಷ್ಟ್ರ ವಿವರಣೆ ಹೆಚ್ಚಾಗಿ ಮಲಯಾಳ. ಹತ್ತರಲ್ಲಿ ಎಲ್ಲ ಎ ಪ್ಲಸ್ ತೆಗೆದ ಹುಡುಗಿ ಹನ್ನೊಂದರ ಮೊದಲ ಪರೀಕ್ಷೆಯಲ್ಲಿ ಫಿಸಿಕ್ಸಿನಲ್ಲಿ ನೆಲಕಚ್ಚುವುದು ನಮಗೆ ಹೊಸದಲ್ಲ. ಅವಳಿಗೆ ವಿಷಯ ಬರುವುದಿಲ್ಲ ಎಂದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಅವಳೂ ಚೆನ್ನಾಗಿಯೇ ಮಲಯಾಳ ಮಾತಾಡುತ್ತಾಳೆ. ಆದರೆ ಲಿಪಿ ಓದಲು ಬಾರದು, ಎರಡು ಪುಟ ಬರೆಯಲು ಬಾರದು. ಅದೇ ಕೊರತೆ ಕಾಲೇಜಿಗೂ ಬರುತ್ತದೆ, ಅಲ್ಲಿಂದ ಸರಕಾರಿ ಕೆಲಸಕ್ಕೆ ಬರೆಯುವ ಪಿಎಸ್‌ಸಿ ಪರೀಕ್ಷೆಗೂ.

ಕೇರಳದಲ್ಲಿ ಡಿಗ್ರಿ ಎಂದರೆ ಮುಕ್ಕಾಲು ಪಾಲು ಪಿಎಸ್‌ಸಿಯ ಆಸೆ. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ನೋಡಿ, ಪಡಿತರ ಚೀಟಿ ತಿದ್ದಿಸಲು ಬಂದ ಅಜ್ಜಿಯ ಹಿಂದೆ ಬಿಕಾಂ ಆದ ಹುಡುಗರು ಅರ್ಜಿ ಹಾಕಲು ನಿಂತಿರುತ್ತಾರೆ. ಇದರಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಕೆಲವು ಸುಳಿ ಉಂಟು. ವಿವಿಧ ಇಲಾಖೆಗಳ ಲಾಸ್ಟ್ ಗ್ರೇಡ್ ಸರ್ವೆಂಟ್ (ಪ್ಯೂನ್ ಥರದ) ಹುದ್ದೆಗೆ ಏಳನೇ ಕ್ಲಾಸು ಪಾಸಾಗಿರಬೇಕು, ಡಿಗ್ರಿ ಪಡೆದಿರಬಾರದು! ಅಂದರೆ ಬಿಎ ಪಾಸಾದ ದಿನವೇ ಆ ಬಾಗಿಲು ಮುಚ್ಚಿತು. ಎಲ್‌ಡಿ ಕ್ಲರ್ಕಿಗೆ, ಅಂದರೆ ಕೆಳದರ್ಜೆಯ ಗುಮಾಸ್ತನಾಗಲು, ಎಸ್ಸೆಸ್ಸೆಲ್ಸಿ ಸಾಕು, ಆದರೆ ಬರೆಯುವವರಲ್ಲಿ ಡಿಗ್ರಿಯವರೇ ತುಂಬಿಕೊಂಡಿರುತ್ತಾರೆ. ಸೆಕ್ರೆಟೇರಿಯಟ್ ಅಸಿಸ್ಟೆಂಟ್, ಸಬ್ ಇನ್‌ಸ್ಪೆಕ್ಟರ್ ಆಗಬೇಕಿದ್ದರೆ ಡಿಗ್ರಿ ಬೇಕೇ ಬೇಕು. ಯಾವುದಕ್ಕೆ ಗುರಿ ಇಡುತ್ತೇವೆ ಎಂದು ತಿಳಿಯದೆ ಸುಮ್ಮನೆ "ಒಂದು ಡಿಗ್ರಿ ಇರಲಿ" ಎನ್ನುವ ಮಾತು ನಮ್ಮ ಊರಲ್ಲಿ ಎಷ್ಟು ಮಕ್ಕಳ ವರ್ಷ ನುಂಗಿದೆಯೋ.

ನಮ್ಮ ಜಿಲ್ಲೆಗೆಂದೇ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆಗಳಿವೆ. ಸ್ಪರ್ಧೆ ಕಡಿಮೆ, ಊರ ಹತ್ತಿರವೇ ಕೆಲಸ. "ಎರಡೂ" ಎಂಬಲ್ಲಿ ನಮ್ಮವರು ಎಡವುತ್ತಾರೆ. ನಮ್ಮ ಕನ್ನಡ ಹೋರಾಟದ ಹಿರಿಯರ ಮೇಲೆ ನನಗೆ ಗೌರವ ಉಂಟು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮ ಶಾಲೆಗೆ ಹಾಕಿದಾಗ ಅವರೂ ಮಕ್ಕಳೂ ಬಿಸಿಲಲ್ಲಿ ಕೂತದ್ದರಿಂದಲೇ ಇಂದು ಇಷ್ಟಾದರೂ ಉಳಿದಿದೆ. ಆದರೆ ಮಲಯಾಳ ಅಕ್ಷರ ಕಲಿತರೆ ಕನ್ನಡ ಹೋಯಿತು ಎನ್ನುವ ಅವರ ಭಯವನ್ನು ನಾನು ಒಪ್ಪುವುದಿಲ್ಲ. ಆ ಭಯದ ಬೆಲೆ ತೆರುವುದು ಭಾಷಣ ಮಾಡುವವರ ಮಕ್ಕಳಲ್ಲ, ಅವರೆಲ್ಲ ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿದ್ದಾರೆ.

ಇನ್ನೊಂದು ದಾರಿ, ಹೆಚ್ಚಿನವರು ಕಡೆಗಣಿಸುವುದು. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಟೀಚರ್ ಆಗಲು ಎಂಎ ಬೇಡ. ಪ್ಲಸ್ ಟು ಆದಮೇಲೆ ಡಿಎಲ್‌ಎಡ್ ಎಂಬ ಟೀಚರ್ ತರಬೇತಿ, ಮೇಲೆ ಕೆ-ಟೆಟ್ ಎಂಬ ಕೇರಳದ ಅರ್ಹತಾ ಪರೀಕ್ಷೆ. ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ (ಡಯಟ್) ಆ ತರಬೇತಿಗೆ ಅವಕಾಶ ಉಂಟು. ನಮ್ಮ ಪಕ್ಕದ ಮನೆಯ ತಂಗಿ ಹಾಗೆ ಹೋದಳು. ಅಕ್ಕ ಮಾತ್ರ ಕನ್ನಡ ಎಂಎ, ಬಿಎಡ್ ಎಲ್ಲ ಮುಗಿಸಿ ಹೈಸ್ಕೂಲಿನ ರ‍್ಯಾಂಕ್ ಲಿಸ್ಟಿಗೆ ಕಾಯುತ್ತಾ ದಿನಗೂಲಿ ಟೀಚರ್ ಆಗಿದ್ದಾಳೆ. ತಂಗಿಗೆ ಈಗ ಸಂಬಳದ ಸ್ಲಿಪ್ಪು ಬರುತ್ತದೆ. ದೀಪಾವಳಿಗೆ ಸೀರೆ ತೆಗೆಯುವುದು ಅವಳೇ. ಕನ್ನಡ ಮಾಧ್ಯಮಕ್ಕೆ ಸೇರುವ ಮಕ್ಕಳು ಕಡಿಮೆಯಾಗುತ್ತಾ ಬಂದರೆ ಆ ಹುದ್ದೆಗಳೂ ಕರಗುತ್ತವೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾಲೇಜು ಬೇಡ ಎನ್ನುವವರ ವಾದಕ್ಕೂ ಬಲ ಇದೆ. ಅಡಿಕೆ ತೋಟಕ್ಕೆ ಬನ್ನಿ, ತೋರಿಸುತ್ತೇನೆ. ಮೊದಲು ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತುವವರು ಬೇಕಿತ್ತು. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಗಳೆ, ಬಂದಿದೆ. ಒಬ್ಬ ನೆಲದ ಮೇಲೆ ನಿಂತು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಗಳೆಯನ್ನು ಒಂದೊಂದೇ ಗಂಟು ಎಳೆದು ಬಿಗಿದು ಗೊನೆಯ ಬುಡಕ್ಕೆ ಕತ್ತಿ ತಾಗಿಸುತ್ತಾನೆ. ಇನ್ನೊಬ್ಬ ಕೆಳಗೆ ಬಲೆ ಹಿಡಿದು ಗೊನೆ ನೆಲಕ್ಕೆ ಬೀಳದ ಹಾಗೆ ಹಿಡಿಯುತ್ತಾನೆ. ಮಳೆಗಾಲದಲ್ಲಿ ಅದೇ ದೋಟಿಯ ತುದಿಗೆ ನಳಿಗೆ ಕಟ್ಟಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುತ್ತಾರೆ. ಇದನ್ನು ಕೈವಶ ಮಾಡಿಕೊಂಡ ಹುಡುಗನನ್ನು ತೋಟದವರು ವಾರ ಮುಂಚೆ ಫೋನ್ ಮಾಡಿ ಬೇಡಿಕೊಳ್ಳುತ್ತಾರೆ. ಮಂಗಳೂರಿನ ಮಾಲ್‌ನಲ್ಲಿ ಬಿಬಿಎ ಹಿಡಿದು ನಿಂತ ಅವನ ಗೆಳೆಯನಿಗಿಂತ ಅವನ ತಿಂಗಳ ಗಳಿಕೆ ಹೆಚ್ಚು. ಆದರೂ ಹೆಣ್ಣು ಕೇಳಲು ಹೋದಾಗ ಮಾಲಿನವನಿಗೇ ಮೊದಲ ಕಾಫಿ. ತೋಟದ ಕೆಲಸಕ್ಕೆ ಜನ ಇಲ್ಲ ಎಂದು ಗೋಳಾಡುವವರೇ ತಮ್ಮ ಮಗಳನ್ನು ತೋಟದ ಹುಡುಗನಿಗೆ ಕೊಡುವುದಿಲ್ಲ. ಹಾಗಾಗಿ ಡಿಗ್ರಿಯ ಬೆಲೆಯಲ್ಲಿ ಒಂದು ಪಾಲು ಮದುವೆಯದ್ದು ಎಂದು ಬಿಚ್ಚಿ ಹೇಳಿಬಿಡುತ್ತೇನೆ.

ಮಂಗಳೂರಿನ ಕಡೆ ಹೋಗುವ ಮನಸ್ಸಿದ್ದರೆ ಲೆಕ್ಕ ಬೇರೆ. ನಮಗೆ ತಿರುವನಂತಪುರ 550 ಕಿಲೋಮೀಟರಿಗೂ ದೂರ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50, ಮಂಜೇಶ್ವರದಿಂದ ಇನ್ನೂ ಹತ್ತಿರ. ದೇರಳಕಟ್ಟೆಯ ಮೆಡಿಕಲ್, ನರ್ಸಿಂಗ್ ಕಾಲೇಜುಗಳು ಗಡಿ ದಾಟಿದ ಕೂಡಲೇ ಸಿಗುತ್ತವೆ. ಬೆಳಗ್ಗಿನ ಟ್ರೇನಿನಲ್ಲಿ ಸೀಸನ್ ಟಿಕೆಟಿನ ಮಕ್ಕಳೇ ತುಂಬಿರುತ್ತಾರೆ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು, ಗಡಿಯ ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಮರುವರ್ಷ ಕೋವಿಡ್ ಇಲ್ಲ ಎಂಬ ಆರ್‌ಟಿಪಿಸಿಆರ್ ಸರ್ಟಿಫಿಕೇಟ್ ಇಲ್ಲದೆ ಬಿಡುವುದಿಲ್ಲ ಎಂದರು. ದಿನಾ ಹೋಗಿ ಬರುವ ಮಕ್ಕಳು ಪರೀಕ್ಷೆ ಬರೆಯಲು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹೋದರು. ಇನ್ನು, ಕೇರಳದ ಜಾತಿ ಸರ್ಟಿಫಿಕೇಟಿಗೆ ಅಲ್ಲಿ ಮೀಸಲಾತಿ ಸಿಗುವುದಿಲ್ಲ. ಅಲ್ಲಿಯ ಡಿಗ್ರಿ ತೆಗೆದುಕೊಂಡು ಇಲ್ಲಿ ಅರ್ಜಿ ಹಾಕಿದರೆ ಅದಕ್ಕೆ ಇಲ್ಲಿ ಮಾನ್ಯತೆ ಉಂಟು ಎಂಬ ದಾಖಲೆ ತಾ ಎನ್ನುವುದೂ ಉಂಟು. ನರ್ಸಿಂಗ್ ಸೀಟು ಕೊಡಿಸುತ್ತೇನೆ ಎಂದು ಮನೆ ಬಾಗಿಲಿಗೇ ಬರುವ ಏಜೆಂಟರ ವಿಷಯ ಬೇರೆ, ಬ್ಯಾಂಕಿನ ಸಾಲ ಮುಗಿಯುವವರೆಗೆ ಅವರ ನೆನಪು ಮನೆಯವರಿಗೆ ಉಳಿದಿರುತ್ತದೆ.

ಹೆಣ್ಣುಮಕ್ಕಳ ಮಟ್ಟಿಗೆ ನಾನು ಈ ಯಾವ ಲೆಕ್ಕವನ್ನೂ ಹಾಕುವುದಿಲ್ಲ. ಕಳಿಸಿ ಎಂದೇ ಹೇಳುತ್ತೇನೆ. ನಮ್ಮ ಹಿಂದಿನ ತಲೆಮಾರಿನ ಹೆಂಗಸರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮಕ್ಕಳ ಫೀಸು ತೆತ್ತವರು. ಅವರ ಮೊಮ್ಮಗಳು ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿಗೆ ಬಸ್ಸು ಹತ್ತಿದರೆ, ಕೆಲಸ ಸಿಗಲಿ ಬಿಡಲಿ, ಇಪ್ಪತ್ತಕ್ಕೆ ಮದುವೆಯ ಮಾತು ಎತ್ತಿದವರಿಗೆ "ಇನ್ನೂ ಒಂದು ವರ್ಷ ಇದೆ" ಎನ್ನಬಹುದು. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಆ ಮಾತಿಗೆ ಇನ್ನೊಂದು ವರ್ಷದ ಆಯುಷ್ಯ ಸಿಕ್ಕಿದೆ. ಮೂರಕ್ಕೆ ಬಿಡಲೂ ಅವಕಾಶ ಉಂಟು, ಮನೆಯಲ್ಲಿ ಅದನ್ನು ಹೇಳಬೇಕೆಂದಿಲ್ಲ.

ನಿಮ್ಮ ಅಕ್ಕನ ಮಗನಿಗೆ ನನ್ನ ಸಲಹೆ ಇದು. ಇಲ್ಲಿ ಉಳಿಯುವುದಾದರೆ ಕಾಸರಗೋಡು ಸರಕಾರಿ ಕಾಲೇಜಿಗೆ ಸೇರಲಿ, ಫೀಸು ಕಡಿಮೆ, ಕನ್ನಡ ವಿಭಾಗವೂ ಉಂಟು. ಮೊದಲ ವರ್ಷವೇ ಸಂಜೆ ಯಾರ ಹತ್ತಿರವಾದರೂ ಕೂತು ಮಲಯಾಳ ಬರೆಯಲು ಕಲಿಯಲಿ. ಓದಿನಲ್ಲಿ ಮನಸ್ಸಿಲ್ಲ ಎಂದಾದರೆ ವಿದ್ಯಾನಗರದಲ್ಲೇ ಐಟಿಐ ಇದೆ, ನಾಚಿಕೆ ಬೇಡ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಬೇಕೆಂದರೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಉಂಟು. ಮನೆಮಾತು ತುಳುವಾದರೂ ನಡೆಯುತ್ತದೆ, ಕನ್ನಡ ಭಾಷಾ ಪರೀಕ್ಷೆ ಕೊಡಬೇಕು ಅಷ್ಟೆ. ಅದಕ್ಕೆ ಯಾವ ಶಾಲೆಯಲ್ಲಿ ಎಷ್ಟು ವರ್ಷ ಕಲಿತ ಎಂಬ ದಾಖಲೆಗೆ ಹೆಡ್‌ಮಾಷ್ಟ್ರ ಸಹಿ, ಸೀಲು ಬೇಕು. ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೆಡ್‌ಮಾಷ್ಟ್ರು ಸಿಗುವುದು ಕಷ್ಟ, ಈಗಲೇ ಹೋಗಿ ಮಾಡಿಸಿಕೊಳ್ಳಲು ಹೇಳಿ.